ಮೀಸೆಯಿಲ್ಲದ ಕ್ಯಾಪ್ಟನ್

ತಿರುವನಂತಪುರದ ಪಟ್ಟಂನಲ್ಲಿ ನಾವಿದ್ದ ಬಾಡಿಗೆ ಮನೆಯ ಪಕ್ಕದ ಮನೆ ಅರವತ್ತೊಂಬತ್ತರ ಮಳೆಗಾಲವೆಲ್ಲ ಖಾಲಿ ಬಿದ್ದಿತ್ತು. ಓಣಂ ಮುಗಿದ ಮೇಲೆ ಒಂದು ಬೆಳಿಗ್ಗೆ ಅದರ ಮುಂದೆ ಲಾರಿ ಬಂದು ನಿಂತಿತು. ಮೊದಲು ಇಳಿದದ್ದು ಹಸಿರು ಬಣ್ಣದ ಕಬ್ಬಿಣದ ಟ್ರಂಕುಗಳು. ಅವುಗಳ ಮೇಲೆ ಬಿಳಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಕ್ಯಾಪ್ಟನ್ ಎಚ್’ ಎಂದಿತ್ತು. ಮುಂದಿನ ಅಕ್ಷರಗಳು ರೈಲಿನಲ್ಲೋ ಲಾರಿಯಲ್ಲೋ ಉಜ್ಜಿ ಹೋಗಿದ್ದವು. ಟ್ರಂಕುಗಳ ಹಿಂದೆಯೇ ಎತ್ತರದ, ತೆಳ್ಳಗಿನ, ಆದರೆ ದಪ್ಪ ಮೀಸೆಯ ಗಂಡಸೊಬ್ಬರು ಇಳಿದರು. ಕೊನೆಗೆ ಗಿಡ್ಡನೆಯ, ದುಂಡು ಮುಖದ ಒಬ್ಬ ಹೆಂಗಸು ಇಳಿದು ಕೂಲಿಗಳಿಗೆ ಯಾವುದು ಎಲ್ಲಿಡಬೇಕೆಂದು ಬೆರಳಲ್ಲೇ ತೋರಿಸಿದರು.

ಬೀದಿಗೆ ಅಷ್ಟು ಸಾಕಾಯಿತು. ಮಧ್ಯಾಹ್ನದೊಳಗೆ ಪಟ್ಟಂನ ನಮ್ಮ ಓಣಿಗೆ ಒಬ್ಬ ಕ್ಯಾಪ್ಟನ್ ಬಂದಿದ್ದಾರೆಂದು ಎಲ್ಲರಿಗೂ ಗೊತ್ತಾಗಿತ್ತು. ಅಕೌಂಟೆಂಟ್ ಜನರಲ್ ಕಚೇರಿಯಲ್ಲಿದ್ದ ನಮ್ಮವರು, ನಟರಾಜ, ಸಂಜೆ ಮನೆಗೆ ಬಂದವರೇ ಹೊಸ ಶರ್ಟು ಏರಿಸಿ, ಬೇಲಿಯ ಹತ್ತಿರ ಎದೆ ಮುಂದೆ ಮಾಡಿ ನಿಂತು, “ವೆಲ್ಕಂ ಕ್ಯಾಪ್ಟನ್!” ಎಂದರು. ಮೀಸೆಯವರು ಗಾಬರಿಯಾಗಿ ಹಿಂದೆ ತಿರುಗಿ ನೋಡಿದರು. “ನಾನಲ್ಲ ಮಾರಾಯ್ರೆ,” ಎಂದರು ಅಪ್ಪಟ ಕನ್ನಡದಲ್ಲಿ. “ನಾನು ತಂತಿ ಕಚೇರಿ. ಕ್ಯಾಪ್ಟನ್ ಒಳಗೆ ಒಲೆ ಹೊತ್ತಿಸ್ತಾ ಇದ್ದಾರೆ.”

ನಮ್ಮವರು ಜೋಕೆಂದುಕೊಂಡು ಜೋರಾಗಿ ನಕ್ಕರು. ನಾನು ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಒಳಗೆ ಹೋದೆ. ಕ್ಯಾಪ್ಟನ್ ಹರಿಣಾಕ್ಷಿ ಸೀಮೆಎಣ್ಣೆ ಸ್ಟವ್‌ಗೆ ಪಂಪು ಹೊಡೆಯುತ್ತಿದ್ದರು.

ಅವರು ಮಂಜೇಶ್ವರದ ಕಡೆಯವರು. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ಮನೆಯವರು ಬೇಡವೆಂದು ಅಳುತ್ತಿರುವಾಗಲೇ ಮಿಲಿಟರಿ ನರ್ಸಿಂಗ್ ಸರ್ವಿಸ್ ಸೇರಿದ್ದರು. ಅಲ್ಲಿ ನರ್ಸುಗಳಿಗೂ ಅಧಿಕಾರಿಗಳ ದರ್ಜೆ. ಲೆಫ್ಟಿನೆಂಟ್ ಆಗಿ ಹೋದವರು ಕ್ಯಾಪ್ಟನ್ ಆಗಿದ್ದರು. ಅರವತ್ತೆರಡರಲ್ಲಿ ಅಸ್ಸಾಮಿನಲ್ಲಿದ್ದು, ಹಿಮದಲ್ಲಿ ಕಾಲು ಕಪ್ಪಗಾಗಿ ಬೆಟ್ಟದಿಂದ ಇಳಿದು ಬಂದ ಹುಡುಗರ ಶುಶ್ರೂಷೆ ಮಾಡಿದ್ದರು. ಅರವತ್ತೈದರಲ್ಲಿ ಪಂಜಾಬಿನ ಗಡಿ ಕಡೆಯ ಆಸ್ಪತ್ರೆಯಲ್ಲಿದ್ದಾಗ ಹತ್ತಿರದಲ್ಲೇ ಬಾಂಬು ಬಿದ್ದು ಎಡಗಿವಿ ಪೂರ್ತಿ ಹೋಯಿತು. ಸೈನ್ಯ ಅವರನ್ನು ಮನೆಗೆ ಕಳಿಸಿತು. ಇದನ್ನೆಲ್ಲ ಅವರು ನನಗೆ ಹೇಳಿದ್ದು ಆ ದಿನವಲ್ಲ. ವರ್ಷಗಟ್ಟಲೆ, ಬೀನ್ಸಿನ ನಾರು ಬಿಡಿಸುತ್ತಲೋ ತಲೆ ಬಾಚುತ್ತಲೋ, ಚೂರು ಚೂರಾಗಿ. ಬಾಂಬಿನ ದಿನದ್ದನ್ನಂತೂ ಹೇಳಲೇ ಇಲ್ಲ. ಕೇಳಿದರೆ “ಅದು ಆಯ್ತಲ್ಲ” ಎಂದು ಬೇರೆ ಮಾತು ಎತ್ತುತ್ತಿದ್ದರು.

ಆ ಮೀಸೆಯ ಗಂಡ ದಿನಕರ ತಮ್ಮನ್ನು ಹೆಣ್ಣು ನೋಡಲು ಬಂದ ಕಥೆಯನ್ನು ಮಾತ್ರ ಖುಷಿಯಿಂದ ಹೇಳುತ್ತಿದ್ದರು. ಹುಡುಗನ ಕಡೆಯವರು ಉಪ್ಪಿಟ್ಟು ತಿನ್ನುತ್ತಿರುವಾಗ ಹುಡುಗಿಯೇ ಬಂದು ಎದುರು ಕುಳಿತು, “ನನಗೆ ಒಂದು ಕಿವಿ ಕೇಳುದಿಲ್ಲ. ಈಗಲೇ ಹೇಳಿದ್ದೇನೆ, ಮತ್ತೆ ಹೇಳಲಿಲ್ಲ ಅಂತ ಆಗುದು ಬೇಡ,” ಎಂದರಂತೆ. ದಿನಕರ ತಡಬಡಾಯಿಸಿ, “ಒಂದು ಸಾಕು. ನಾನು ಮಾತಾಡುದೇ ಕಮ್ಮಿ,” ಎಂದರಂತೆ. ಮದುವೆ ಅಲ್ಲೇ ನಿಶ್ಚಯವಾಯಿತು.

ಆ ಕಿವಿಯನ್ನು ಹರಿಣಕ್ಕ ಅಂಗವೈಕಲ್ಯವೆಂದು ಎಣಿಸಿದವರೇ ಅಲ್ಲ. ಅದು ಅವರಿಗೆ ಮನೆಯ ಒಂದು ಹಿಂಬಾಗಿಲಿದ್ದ ಹಾಗೆ. ಚಾಡಿ ಹೇಳುವವರು ಬಂದರೆ ಎಡಗಡೆಗೆ ಕೂರಿಸುತ್ತಿದ್ದರು. ಭಾಷಣಕ್ಕೆ ಹೋದರೆ ಬಲಗಿವಿ ಗೋಡೆಯ ಕಡೆಗೆ ಬರುವಂಥ ಜಾಗ ಹುಡುಕುತ್ತಿದ್ದರು. ನನ್ನನ್ನು ಯಾವಾಗಲೂ ಬಲಗಡೆಗೇ ಕೂರಿಸುತ್ತಿದ್ದುದು ನನಗೊಂದು ಹೆಮ್ಮೆ.

ಪಟ್ಟಂಗೆ ಬಂದ ಮೇಲೆ ಒಂದು ಖಾಸಗಿ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿನ ಮುದಿ ಡಾಕ್ಟರು ಇವರು ಸೇರಿದ ತಿಂಗಳಿಂದ ಟೈ ಕಟ್ಟಿಕೊಂಡು ಬರತೊಡಗಿದರು ಎಂದು ಸುದ್ದಿ. ಕಾಲರಾ ಇಂಜೆಕ್ಷನ್ನಿನ ಕಾಲದಲ್ಲಿ ನಮ್ಮ ಓಣಿಯವರೆಲ್ಲ ತೋಳು ಮಡಚಿ ಸಾಲು ನಿಂತದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಸಾಲಿನಲ್ಲಿ ಅತ್ತವರು ಒಬ್ಬರೇ, ದಿನಕರ. “ನಿಮ್ಮ ಸರದಿ ಇನ್ನೂ ಬರ್ಲಿಲ್ಲ, ಯಾಕೆ ಈಗಲೇ ಅಳುದು?” ಎಂದು ಹರಿಣಕ್ಕ ಗದರಿದರೆ, “ಅಭ್ಯಾಸ ಮಾಡ್ತಾ ಇದ್ದೇನೆ,” ಎಂದರು ಪಾಪ.

ಇಷ್ಟಾದರೂ ಊರಿನ ಕಣ್ಣಿಗೆ ಕ್ಯಾಪ್ಟನ್ ದಿನಕರರೇ. ಅವರು ಎಷ್ಟು ಅಲ್ಲವೆಂದರೂ ಜನ ನಂಬಲಿಲ್ಲ. ಎಂಥಾ ವಿನಯ ನೋಡಿ ಎಂದು ಇನ್ನಷ್ಟು ಗೌರವ ಕೊಟ್ಟರು. ಹಾಲಿನವನು ಬೆಳಿಗ್ಗೆ ಹಾಲಿನ ಕ್ಯಾನು ಕೆಳಗಿಟ್ಟು ಸೆಲ್ಯೂಟ್ ಹೊಡೆಯುತ್ತಿದ್ದ. ಬಸ್ಸಿನಲ್ಲಿ ಕಂಡಕ್ಟರು ಯಾರನ್ನಾದರೂ ಎಬ್ಬಿಸಿ “ಕ್ಯಾಪ್ಟನ್ ಸಾರ್ ಇರಿಕ್ಕಣಂ” ಎಂದು ಕೂರಿಸುತ್ತಿದ್ದ. ಆ ಹೊತ್ತಿಗೆ ನಿಜವಾದ ಕ್ಯಾಪ್ಟನ್ ಅದೇ ಬಸ್ಸಿನ ಕಂಬಿ ಹಿಡಿದು ತರಕಾರಿ ಚೀಲದೊಂದಿಗೆ ಜೋಲಿ ಹೊಡೆಯುತ್ತಿದ್ದರು. ದಿನಕರ ಎದ್ದು ಹೆಂಡತಿಯನ್ನು ಕೂರಿಸಿದರೆ ಬಸ್ಸಿನಲ್ಲಿದ್ದವರೆಲ್ಲ, ಮಿಲಿಟರಿಯವರು ಹೆಂಗಸರಿಗೆ ಎಷ್ಟು ಮರ್ಯಾದೆ ಕೊಡುತ್ತಾರೆ ನೋಡಿ ಎಂದು ತಲೆದೂಗುತ್ತಿದ್ದರು. ಹರಿಣಕ್ಕನಿಗೆ ಇದು ಭಾರಿ ತಮಾಷೆ. ದಿನಕರರಿಗೆ ಮಾತ್ರ ಅದು ಒಳಗೊಳಗೇ ಚುಚ್ಚುತ್ತಿತ್ತೆಂದು ನಮಗೆ ಆಮೇಲೆ ತಿಳಿಯಿತು.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧ ನಡೆದು ಮುಗಿಯಿತು. ಎಲ್ಲೆಲ್ಲೂ ಸೈನಿಕರ ಮಾತೇ. ನಮ್ಮ ಬೀದಿಯ ವಾಯನಶಾಲೆ, ಅಂದರೆ ಊರವರೇ ಸೇರಿ ನಡೆಸುವ ಪುಸ್ತಕ ಮತ್ತು ಪೇಪರಿನ ಮನೆ, ಗಣರಾಜ್ಯೋತ್ಸವದ ಸಂಜೆ ಮಾಜಿ ಸೈನಿಕರಿಗೆ ಸನ್ಮಾನ ಇಟ್ಟುಕೊಂಡಿತು. ಕಾರ್ಯದರ್ಶಿ ವೇಲಾಯುಧನ್ ಪಿಳ್ಳೆ ನಿವೃತ್ತ ಮೇಷ್ಟ್ರು. ಒಳ್ಳೆಯ ಮನುಷ್ಯ, ಆದರೆ ಒಮ್ಮೆ ತಲೆಗೆ ಹೊಕ್ಕದ್ದನ್ನು ಹೊರಗೆ ಹಾಕಲು ಅವರಿಗೇ ಆಗುತ್ತಿರಲಿಲ್ಲ. ಆಮಂತ್ರಣ ಹಿಡಿದು ಅವರು ಬಂದಾಗ ನಾನು ಹರಿಣಕ್ಕನ ಅಡುಗೆಮನೆಯಲ್ಲಿದ್ದೆ.

“ಕ್ಯಾಪ್ಟನ್ ಸಾರ್ ಉಂಡೋ?” ಇದ್ದಾರೆಯೇ ಎಂದು ಬಾಗಿಲಲ್ಲಿ ಕೇಳಿದರು.

“ಕ್ಯಾಪ್ಟನ್ ನಾನೇ. ಬನ್ನಿ, ಕೂತ್ಕೊಳ್ಳಿ,” ಎಂದರು ಹರಿಣಕ್ಕ ಮಲಯಾಳದಲ್ಲಿ.

ಹರಿಣಕ್ಕನನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುವ ಪಿಳ್ಳೆ ಮೇಷ್ಟ್ರು ಕಣ್ಣೀರು ಬರುವ ಹಾಗೆ ನಕ್ಕರು. “ಚೇಚಿ ಒಳ್ಳೆ ತಮಾಷೆ ಮಾಡ್ತೀರಿ! ನಮ್ಮ ಮನೆಯಲ್ಲೂ ಹಾಗೇ, ಮೇಷ್ಟ್ರು ನಾನು, ಹೆಡ್‌ಮಾಸ್ಟರ್ ಅವಳು!”

ಹರಿಣಕ್ಕ ಕುರ್ಚಿಯಲ್ಲಿ ಮೆಲ್ಲಗೆ ತಿರುಗಿ ಎಡಗಿವಿಯನ್ನು ಮೇಷ್ಟ್ರಿಗೆ ಒಪ್ಪಿಸಿಬಿಟ್ಟರು. ಅಷ್ಟರಲ್ಲಿ ದಿನಕರ ಕಚೇರಿಯಿಂದ ಬಂದರು. “ಅಯ್ಯೋ, ನಾನಲ್ಲ ಸಾರ್, ಇವಳು, ಇವಳು!” ಎಂದು ಅಂಗಲಾಚಿದರು. ಮೇಷ್ಟ್ರು ಅವರ ಎರಡೂ ಕೈ ಹಿಡಿದುಕೊಂಡು, “ಧೀರರು ಯಾವತ್ತೂ ಹೀಗೇ,” ಎಂದು ಗದ್ಗದರಾಗಿ, ಆಮಂತ್ರಣ ಕೊಟ್ಟು ಹೋದರು.

ದಿನಕರ ಸೋಫಾದಲ್ಲಿ ಕುಸಿದರು. “ನಾನು ಹೋಗುದಿಲ್ಲ. ನೀನು ಹೋಗು.”

“ಅವರಿಗೆ ಮೀಸೆಯ ಕ್ಯಾಪ್ಟನ್ ಬೇಕಂತೆ. ನನಗೆ ಎಲ್ಲಿಂದ ಬರ್ಬೇಕು? ನೀವೇ ಹೋಗಿ. ಒಂದು ಶಾಲು ಸಿಗ್ತದೆ, ಹಾಸಿಗೆಗೆ ಆಯ್ತು,” ಎಂದರು ಹರಿಣಕ್ಕ. ನನಗೆ ಕಣ್ಣು ಮಿಟುಕಿಸಿದರು. ಆದರೆ ಆ ದಿನ ಅವರು ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತರು.

ಮರುದಿನದಿಂದ ಹಿತ್ತಲಲ್ಲಿ ಪರೇಡ್. ಕರಿಬೇವಿನ ಗಿಡದಿಂದ ಬಾವಿಕಟ್ಟೆಯವರೆಗೆ ದಿನಕರ ನಡೆಯಬೇಕು, ತಿರುಗಬೇಕು, ಸೆಲ್ಯೂಟ್ ಹೊಡೆಯಬೇಕು. ಬಲಗೈ ಎತ್ತಿದರೆ ಬಲಗಾಲೂ ಜೊತೆಗೇ ಏಳುತ್ತಿತ್ತು.

“ಅದು ಸೆಲ್ಯೂಟಾ? ಕಾಗೆ ಓಡಿಸ್ತೀರಾ?”

“ಹರಿಣೀ, ಇದು ನನ್ನಿಂದ ಆಗುದಿಲ್ಲ. ಅಲ್ಲಿ ಭಾಷಣ ಬೇರೆ ಮಾಡ್ಬೇಕಂತೆ. ಯುದ್ಧದ್ದು ಎಂತ ಹೇಳುದು ನಾನು?”

“ಎಂತಾದರೂ ಹೇಳಿ. ಗಡಿ, ಗುಂಡು, ಹೊಗೆ. ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.”

ಬೇಲಿಯಾಚೆ ನಿಂತು ನಾನೂ ನಮ್ಮವರೂ ನಕ್ಕಿದ್ದೇ ನಕ್ಕಿದ್ದು. ದಿನಕರ ಮಾತ್ರ ನಗಲಿಲ್ಲ.

ಗಣರಾಜ್ಯೋತ್ಸವದ ಸಂಜೆ ವಾಯನಶಾಲೆಯ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ದಿನಕರರ ಪಕ್ಕದಲ್ಲಿ ಸೈನ್ಯದಲ್ಲಿ ನಾಯಕ್ ದರ್ಜೆಯ ಸಿಪಾಯಿಯಾಗಿ ಬರ್ಮಾ ಯುದ್ಧಕ್ಕೆ ಹೋಗಿ ಬಂದಿದ್ದ ಮುದುಕ ಕುಟ್ಟಪ್ಪನ್ ಊರುಗೋಲು ಹಿಡಿದು ಕುಳಿತಿದ್ದರು. ಹರಿಣಕ್ಕ ಎಂದಿನಂತೆ ಕೊನೆಯ ಸಾಲಿನಲ್ಲಿ, ಬಲಗಡೆ ಗೋಡೆ ಬರುವ ಮೂಲೆ ಹಿಡಿದರು. “ಇವರು ಗುಂಡು ಹೊಗೆ ಅಂತ ಹೇಳುದನ್ನು ಕೇಳಿದರೆ ನಾನು ನಗ್ತೇನೆ, ಮರ್ಯಾದೆ ಹೋಗ್ತದೆ,” ಎಂದು ಕಾರಣ ಕೊಟ್ಟರು. ನಾನು ಎಡಗಡೆಗೆ ಕೂತೆ.

ಸ್ವಾಗತ, ಪ್ರಾರ್ಥನೆ, ಮೇಷ್ಟ್ರ ಉದ್ದನೆಯ ಭಾಷಣ ಮುಗಿದವು. ದಿನಕರ ಎದ್ದರು. ಅವರು ಮೈಕಿನ ಮುಂದೆ ನಿಂತದ್ದೇ ಅದು ಕೀಚಲು ಕೂಗಿತು. ಯಾರೋ ಓಡಿ ಬಂದು ಅದನ್ನು ಬಂದ್ ಮಾಡಿದರು. ದಿನಕರ ಗಂಟಲು ಸರಿಮಾಡಿಕೊಂಡು, ಟೆಲಿಗ್ರಾಮು ಓದುವವರ ಹಾಗೆ ಸಣ್ಣ ದನಿಯಲ್ಲಿ ಮಲಯಾಳದಲ್ಲಿ ಶುರುಮಾಡಿದರು.

“ಅರವತ್ತೈದರ ಯುದ್ಧದ ಕಾಲದಲ್ಲಿ ನಾನು ಮಂಗಳೂರಿನ ತಂತಿ ಕಚೇರಿಯಲ್ಲಿದ್ದೆ. ಆ ಯುದ್ಧದಲ್ಲಿ ನನಗಾದ ಗಾಯ ಒಂದೇ, ಬಿಸಿ ಚಹಾ ತೊಡೆಯ ಮೇಲೆ ಚೆಲ್ಲಿದ್ದು. ನಾನು ಕ್ಯಾಪ್ಟನ್ ಅಲ್ಲ. ಇದನ್ನು ಎರಡು ವರ್ಷದಿಂದ ಹೇಳ್ತಾ ಇದ್ದೇನೆ, ನೀವು ಬಿಡ್ತಾ ಇಲ್ಲ. ಇವತ್ತು ನಿಮಗೆ ಎದ್ದು ಹೋಗ್ಲಿಕ್ಕೆ ಆಗುದಿಲ್ಲ, ಬಾಗಿಲಲ್ಲಿ ತುಂಬ ಜನ ನಿಂತಿದ್ದಾರೆ. ಹಾಗಾಗಿ ಕೇಳಿ.”

ಕೆಲವರು ನಕ್ಕರು. ಮೇಷ್ಟ್ರೂ ನಕ್ಕರು, ಸ್ವಲ್ಪ ತಡೆದು ನಿಲ್ಲಿಸಿದರು.

ಬಾಂಬಿನ ದಿನದ್ದನ್ನು ಹರಿಣಕ್ಕ ಗಂಡನಿಗೆ ಮಾತ್ರ ಹೇಳಿದ್ದರು. ದಿನಕರ ಹೇಳಿದ್ದು ಇಷ್ಟು. ಪಂಜಾಬಿನ ಆ ಆಸ್ಪತ್ರೆಯಲ್ಲಿ ವಿಮಾನ ದಾಳಿಯ ಸೈರನ್ ಕೂಗಿದಾಗ ನಡೆಯಬಲ್ಲವರೂ ಸ್ಟ್ರೆಚರಿನಲ್ಲಿ ಹೋಗಬಲ್ಲವರೂ ಕಂದಕಕ್ಕೆ ಇಳಿದರು. ಮೂವರು ಸಿಪಾಯಿಗಳು ಮಾತ್ರ ಉಳಿದರು. ಅವರ ಮುರಿದ ಕಾಲುಗಳನ್ನು ತೂಕ ಕಟ್ಟಿ ಮೇಲಕ್ಕೆ ನೇತುಹಾಕಿದ್ದರು, ಅಲ್ಲಾಡಿಸುವ ಹಾಗಿರಲಿಲ್ಲ. ಎಲ್ಲರೂ ಇಳಿಯಬೇಕೆಂದು ಆಜ್ಞೆಯಾಗಿತ್ತು. ಕಂದಕದ ಮೆಟ್ಟಿಲಲ್ಲಿದ್ದ ಹರಿಣಾಕ್ಷಿ ವಾಪಸು ವಾರ್ಡಿಗೆ ಓಡಿದರು. ಖಾಲಿ ಮಂಚಗಳ ಹಾಸಿಗೆಗಳನ್ನು ಎಳೆದು ತಂದು ಮೂವರ ಮೇಲೂ ಹೊದಿಸಿ, ನಡುವೆ ನೆಲದಲ್ಲಿ ಕೂತರು. ಆ ಹುಡುಗರು ನಡುಗುತ್ತಿದ್ದರು. “ಸಿಸ್ಟರ್, ಏನಾದರೂ ಮಾತಾಡಿ” ಎಂದರು. ಇವರ ಹಿಂದಿ ಅಷ್ಟಕ್ಕಷ್ಟೆ. ಕಥೆ ಹೇಳೋಣವೆಂದರೆ ಒಂದೂ ನೆನಪಾಗಲಿಲ್ಲ. ಕೊನೆಗೆ ಬಂಗುಡೆ ಮೀನಿನ ಸಾರು ಮಾಡುವ ಕ್ರಮ ಹೇಳತೊಡಗಿದರು.

ಸಭೆಯಲ್ಲಿ ಮೀನು ತಿನ್ನುವವರೇ ಹೆಚ್ಚು. ಎಲ್ಲರೂ ಮುಂದಕ್ಕೆ ಬಾಗಿದರು.

“ಆ ಪಂಜಾಬಿ ಹುಡುಗರು ಸಮುದ್ರ ನೋಡಿದವರಲ್ಲ. ಬಂಗುಡೆ ಅಂದರೆ ಎಷ್ಟು ದೊಡ್ಡದು ಅಂತ ಕೇಳಿದರಂತೆ. ಇವಳು ಕತ್ತಲೆಯಲ್ಲಿ ಕೈಯಲ್ಲಿ ಅಳತೆ ತೋರಿಸಿದಳಂತೆ. ಮೀನು ತೊಳೆದಾಯಿತು, ಮೆಣಸು ಹುರಿದಾಯಿತು, ಕಾಯಿ ಅರೆದಾಯಿತು. ಕುಡಂಪುಳಿ ಹಾಕುವ ಹೊತ್ತಿಗೆ ಬಾಂಬು ಬಿತ್ತು.”

ಕುಟ್ಟಪ್ಪನ್ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಕಿಟಕಿ ಚೌಕಟ್ಟು ಸಮೇತ ಒಳಗೆ ಬಂತು. ಇವಳ ಎಡಗಿವಿಯಿಂದ ರಕ್ತ. ಧೂಳಿನಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಅಂತ ಗೊತ್ತಾಗುವ ಹಾಗಿರಲಿಲ್ಲ. ಆಗ ಹಾಸಿಗೆಯ ಅಡಿಯಿಂದ ಒಬ್ಬ ಹುಡುಗ ಕೇಳಿದನಂತೆ, ‘ಸಿಸ್ಟರ್, ಫಿರ್ ಕ್ಯಾ ಹುವಾ?’ ಆಮೇಲೇನಾಯಿತು ಅಂತ. ಇವಳು ಬ್ಯಾಂಡೇಜು ಕಿವಿಗೆ ಒತ್ತಿ ಹಿಡಿದುಕೊಂಡು, ಸಾರನ್ನು ಕುದಿಸಿ ಇಳಿಸುವವರೆಗೂ ಹೇಳಿ ಮುಗಿಸಿದಳು. ನಿಮ್ಮ ಕ್ಯಾಪ್ಟನ್ ಅವಳು. ಬಸ್ಸಿನಲ್ಲಿ ನೀವು ಎದ್ದು ಜಾಗ ಕೊಡಬೇಕಾದ್ದು ಅವಳಿಗೆ. ಅಗೋ, ಮೂಲೆಯಲ್ಲಿ ಕೂತಿದ್ದಾಳೆ.”

ಸಭೆಯ ತಲೆಗಳೆಲ್ಲ ಒಮ್ಮೆಗೇ ಹಿಂದೆ ತಿರುಗಿದವು.

ಹರಿಣಕ್ಕನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಗೋಡೆಗೆ ಬಲಗಿವಿ ಕೊಟ್ಟು ಹಾಯಾಗಿ ಕುಳಿತಿದ್ದವರು ಇಷ್ಟೊಂದು ಕಣ್ಣು ತಮ್ಮ ಮೇಲೆ ಬಿದ್ದದ್ದು ನೋಡಿ ಸೆರಗು ಮುಟ್ಟಿ ನೋಡಿಕೊಂಡರು, ಮುಖ ಒರೆಸಿಕೊಂಡರು. “ಎಂತ ರಾಜಿ? ಎಲ್ಲ ಯಾಕೆ ಈಚೆ ನೋಡುದು? ಇವರು ಸೆಲ್ಯೂಟ್ ತಪ್ಪಿದ್ರಾ?” ಎಂದು ನನ್ನನ್ನು ಕೇಳಿದರು.

ನಾನು ಅವರನ್ನು ದಾಟಿ ಬಗ್ಗಿ, ಬಲಗಿವಿಯ ಹತ್ತಿರ “ಬಂಗುಡೆ ಸಾರು!” ಎಂದಷ್ಟೇ ಹೇಳಿದೆ.

ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಚಿತು. ಅಷ್ಟರಲ್ಲಿ ವೇದಿಕೆಯ ಮೇಲೆ ನಾಯಕ್ ಕುಟ್ಟಪ್ಪನ್ ಊರುಗೋಲು ಊರಿ ಎದ್ದು ನಿಂತಿದ್ದರು. ಆ ಬಾಗಿದ ಬೆನ್ನು ಎಷ್ಟು ನೆಟ್ಟಗಾಗಬಹುದೋ ಅಷ್ಟು ನೆಟ್ಟಗೆ ಮಾಡಿ, ಕೋಲನ್ನು ಎಡಗೈಗೆ ದಾಟಿಸಿ, ಸೆಲ್ಯೂಟ್ ಹೊಡೆದರು. ಅಧಿಕಾರಿಗೆ ಸೈನಿಕ ಹೊಡೆಯುವ ಸೆಲ್ಯೂಟ್. ಅದನ್ನು ಕಂಡ ಮೇಲೆ ಹರಿಣಕ್ಕನಿಗೆ ಕೂತಿರಲು ಆಗಲಿಲ್ಲ. ಎದ್ದು, ಸಾಲುಗಳ ನಡುವೆ ನಡೆದು ವೇದಿಕೆ ಹತ್ತಿದರು. ಪಿಳ್ಳೆ ಮೇಷ್ಟ್ರು ಸನ್ಮಾನದ ಶಾಲನ್ನು ಹಿಡಿದುಕೊಂಡು ಯಾರ ಮುಖ ನೋಡಬೇಕೆಂದು ತಿಳಿಯದೆ ನಿಂತಿದ್ದರು. “ಚೇಚೀ... ಅಲ್ಲ, ಕ್ಯಾಪ್ಟನ್... ಕ್ಷಮಿಸಬೇಕು,” ಎಂದರು.

“ಇರಲಿ ಸಾರ್. ನಾನು ಮೀಸೆ ಬಿಟ್ಟಿದ್ರೆ ನಿಮಗೆ ಈ ಕಷ್ಟ ಇರ್ಲಿಲ್ಲ,” ಎಂದರು ಹರಿಣಕ್ಕ. ಸಭೆಯೆಲ್ಲ ನಕ್ಕಿತು. ಶಾಲು ಹೊದಿಸಿಕೊಂಡು ಅವರು ಜನರ ಕಡೆಗೆ ತಿರುಗಿದರು.

“ಆಮೇಲೇನಾಯಿತು ಅಂತ ಕೇಳಿದವನ ಹೆಸರು ಗುರ್ಬಚನ್,” ಎಂದರು. “ಅವನ ಗಾಯಕ್ಕೆ ಮತ್ತೆ ಕೀವಾಯಿತು. ಬಾಂಬಿನಿಂದ ಉಳಿದವನು ಜ್ವರದಿಂದ ಉಳಿಯಲಿಲ್ಲ. ನಿಮ್ಮೂರಿಗೆ ಬಂದು ಆ ಸಾರು ತಿನ್ನುತ್ತೇನೆ ಅಂತ ಹೇಳಿದ್ದ. ಈ ಗೌರವ ಅವನಿಗೆ ಸಲ್ಲಬೇಕಾದ್ದು. ಅವನು ಇಲ್ಲ, ನಾನಿದ್ದೇನೆ. ಅದಕ್ಕೆ ನಾನು ತೆಗೆದುಕೊಂಡಿದ್ದೇನೆ.”

ಅಷ್ಟೇ ಭಾಷಣ. ಇಳಿಯುವಾಗ ಕುಟ್ಟಪ್ಪನ್ ಅವರ ಪಾದಕ್ಕೆ ಸುತ್ತಿದ್ದ ಕೊಳಕು ಬಟ್ಟೆ ಕಣ್ಣಿಗೆ ಬಿತ್ತು. “ಇದೆಂತ? ಯಾರು ಕಟ್ಟಿದ್ದು ಇದು? ನಾಳೆ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ,” ಎಂದರು. ಮುದುಕರು ಏನೋ ನೆಪ ಹೇಳಲು ಹೋದರು. “ಇದು ಆರ್ಡರ್,” ಎಂದ ಮೇಲೆ ಬಾಯಿ ಮುಚ್ಚಿದರು.

ಮನೆಗೆ ಬರುವ ದಾರಿಯಲ್ಲಿ ಹರಿಣಕ್ಕ ಗಂಡನನ್ನು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ನಡೆದರು. ಗೇಟಿನ ಹತ್ತಿರ ಬಂದ ಮೇಲೆ ನನ್ನನ್ನು ಕೇಳಿದರು, “ಸಾರಿಗೆ ಇವರು ಎಂತ ಹುಳಿ ಹಾಕಿದ್ರು?”

“ಕುಡಂಪುಳಿ ಅಂದ್ರಪ್ಪ,” ಎಂದೆ. ಮಲಯಾಳಿಗಳು ಮೀನಿಗೆ ಹಾಕುವ ಕಪ್ಪು ಹುಳಿ ಅದು.

“ಕುಡಂಪುಳಿಯಾ!” ಎಂದು ಗಂಡನತ್ತ ತಿರುಗಿದರು. “ನಮ್ಮ ಊರಲ್ಲಿ ಯಾರು ಮಾರಾಯ್ರೆ ಬಂಗುಡೆಗೆ ಕುಡಂಪುಳಿ ಹಾಕುದು? ಹುಣಸೆಹುಳಿ! ಅಷ್ಟು ಜನರ ಎದುರು ನನ್ನ ಸಾರು ಹಾಳು ಮಾಡಿದ್ರಲ್ಲ!”

“ಕೇರಳದವರಲ್ಲವಾ, ಖುಷಿಯಾಗಲಿ ಅಂತ...” ಎಂದರು ದಿನಕರ. ಹರಿಣಕ್ಕ ನಗಲು ಶುರುಮಾಡಿದವರು ಗೇಟು ಹಿಡಿದುಕೊಂಡೇ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ದಿನಕರ ಪಕ್ಕದಲ್ಲಿ ನಿಂತಿದ್ದರು, ಬಲಗಡೆಗೆ.

ಮರುದಿನ ಕುಟ್ಟಪ್ಪನ್ ಬಂದರು. ಅವರ ಹಿಂದೆ ಉಳ್ಳೂರಿನಿಂದ, ಕೇಶವದಾಸಪುರದಿಂದ ಇನ್ನೂ ಕೆಲವರು ಹಳೆಯ ಸೈನಿಕರು ಬರತೊಡಗಿದರು. ಆಸ್ಪತ್ರೆಗೆ ಹೋಗೆಂದು ಹೆಂಡತಿ ಮಕ್ಕಳು ಕಾಲಿಗೆ ಬಿದ್ದರೂ ಕೇಳದವರು ಹರಿಣಕ್ಕನ ಜಗಲಿಯಲ್ಲಿ ಭಾನುವಾರ ಬೆಳಿಗ್ಗೆ ಕೈಕಟ್ಟಿ ಕೂತಿರುತ್ತಿದ್ದರು. ಗಾಯ ತೊಳೆಸಿಕೊಳ್ಳುತ್ತ ಬರ್ಮಾದ ಜಿಗಣೆಗಳ, ಲಡಾಖಿನ ಚಳಿಯ ಮಾತಾಡುತ್ತಿದ್ದರು. ಮನೆಯವರಿಗೆ ಹೇಳದ್ದನ್ನು ಅಲ್ಲಿ ಹೇಳುತ್ತಿದ್ದರು. ಚಹಾ ಹಂಚುವ ಕೆಲಸ ದಿನಕರರದು. ರಕ್ತ ಕಂಡರೆ ತಲೆ ತಿರುಗುವ ಅವರು ಮುಖ ಅತ್ತ ತಿರುಗಿಸಿಕೊಂಡೇ ತಟ್ಟೆ ಚಾಚುತ್ತಿದ್ದರು. ಹಾಲಿನವನಿಗೆ ಮಾತ್ರ ಗೊಂದಲ ಹೋಗಲಿಲ್ಲ. ಇಬ್ಬರಿಗೂ ಸೆಲ್ಯೂಟ್ ಹೊಡೆದು ಸುರಕ್ಷಿತನಾದ.

ಎಪ್ಪತ್ತನಾಲ್ಕರಲ್ಲಿ ದಿನಕರರಿಗೆ ಎರ್ನಾಕುಳಂಗೆ ವರ್ಗವಾಯಿತು. ಎಡಪ್ಪಳ್ಳಿಯಲ್ಲಿ, ಅಲ್ಲಿನ ಚರ್ಚಿಗೆ ಸ್ವಲ್ಪ ದೂರದಲ್ಲಿ ಮನೆ ಮಾಡಿದರು. ಎರಡು ವರ್ಷದ ಮೇಲೆ ನಾವು ಮೈಸೂರಿಗೆ ಹೊರಟಾಗ ದಾರಿಯಲ್ಲಿ ಅವರಲ್ಲಿ ಇಳಿದುಕೊಂಡೆವು. ಅದೇ ದಿನ ಅವರ ಮನೆ ಮಾಲೀಕರ ಮಗಳು ಲಿಸ್ಸಿ ಮಿಲಿಟರಿ ನರ್ಸಾಗಿ ಸೇರಲು ರೈಲು ಹತ್ತುವವಳಿದ್ದಳು. ಹರಿಣಕ್ಕನೇ ಅವಳಿಗೆ ದಾರಿ ತೋರಿಸಿದ್ದು. ನಾವೆಲ್ಲ ಸ್ಟೇಷನ್ನಿಗೆ ಹೋದೆವು.

ಲಿಸ್ಸಿಯ ತಾಯಿ ಅಚ್ಚಾಮ್ಮ ಹರಿಣಕ್ಕನ ಕೈ ಬಿಡದೆ ಕೇಳಿದರು, “ಅಪಾಯ ಏನೂ ಇಲ್ಲ ಅಲ್ಲವೇ ಚೇಚಿ?”

“ಉಂಟು,” ಎಂದರು ಹರಿಣಕ್ಕ. “ಇಲ್ಲ ಅಂತ ಸುಳ್ಳು ಹೇಳುದಿಲ್ಲ. ಆದರೆ ನಿಮ್ಮ ಮಗಳು ಇರುವ ಕಡೆ ಬೇರೆ ತಾಯಂದಿರ ಮಕ್ಕಳಿಗೆ ಸ್ವಲ್ಪ ಅಪಾಯ ಕಮ್ಮಿ ಆಗ್ತದೆ.”

ಅಚ್ಚಾಮ್ಮ ಕಣ್ಣೊರೆಸಿಕೊಂಡು ತಲೆಯಾಡಿಸಿದರು. ಲಿಸ್ಸಿ ಕಿಟಕಿಯಿಂದ ಬಗ್ಗಿ, “ಆಂಟೀ, ನನಗೆ ಹೆದರಿಕೆಯಾದರೆ ಏನು ಮಾಡಬೇಕು?” ಎಂದಳು ಮೆಲ್ಲಗೆ.

“ಕೈಗೆ ಎಂತಾದರೂ ಕೆಲಸ ಕೊಡು. ಹಾಸಿಗೆ ಬಟ್ಟೆಯಾದರೂ ಸರಿ ಮಾಡು. ಹೆದರಿಕೆ ಹೋಗುದಿಲ್ಲ, ಆದರೆ ಹಾಸಿಗೆ ಚಂದ ಆಗ್ತದೆ.”

ಲಿಸ್ಸಿ ನಕ್ಕಳು. ರೈಲು ಹೊರಟಿತು. ಪ್ಲಾಟ್‌ಫಾರ್ಮಿನಲ್ಲಿ ಬಿಕ್ಕುವ ಸದ್ದು ಕೇಳಿ ನಾವು ತಿರುಗಿ ನೋಡಿದರೆ, ಅಚ್ಚಾಮ್ಮ ಅಲ್ಲ, ದಿನಕರ. ಮೀಸೆಯೆಲ್ಲ ಒದ್ದೆ ಮಾಡಿಕೊಂಡು ಕರವಸ್ತ್ರಕ್ಕಾಗಿ ಜೇಬು ತಡಕುತ್ತಿದ್ದರು.

“ಇವರೊಬ್ಬರು,” ಎಂದು ಹರಿಣಕ್ಕ ತಮ್ಮ ಸೆರಗಿನ ತುದಿ ಅವರ ಕೈಗೆ ಕೊಟ್ಟರು. “ಬನ್ನಿ, ಮೊದಲು ಇವರಿಗೆ ಒಂದು ಚಹಾ ಕುಡಿಸುವ.”